ಮಿನಿ ಮತ್ತು ಫಿಯಟ್ 500: ಎರಡು ಪುಟ್ಟ ಕಾರುಗಳು

ಅಂಬಾಸಿಡರ್ ಮೇಲಾ, ಫಿಯಟ್ ಮೇಲಾ ಅಂತ ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ವಾದ ನಡೆದಿದೆ, ಅಲ್ವಾ? ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೇಲೆ ಅದೇ ಎರಡು ಮನೆತನಗಳ ಕಿರಿಯರ ಪರಿಚಯವಾಯಿತು. ಅಂಬಾಸಿಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಮಾಡಿದ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯದ್ದೇ ಮಿನಿ. ನಮ್ಮಲ್ಲಿ ಫಿಯಟ್ ಅಂತಲೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಮೂಲ ಇಟಲಿಯ ಫಿಯಟ್ 1100, ಅದರ ತಮ್ಮ ಫಿಯಟ್ 500. ನಮ್ಮ ಬೀದಿಯಲ್ಲೇ ಒಂದು ಹಳೇ ಮಿನಿ ಇದೆ. ಜೊತೆಗೆ ಕೆಲಸ ಮಾಡುವ ಇಟಲಿಯ ಗೆಳೆಯನ ಹತ್ತಿರ 500 ಇದೆ. ಎರಡನ್ನೂ ಓಡಿಸಿದ್ದೇನೆ.

500 ಬಂದದ್ದು 1957ರಲ್ಲಿ. ಆಗ ಇಟಲಿಯಲ್ಲಿ ಗಂಡ, ಹೆಂಡತಿ, ಮಗು ಎಲ್ಲ ಸ್ಕೂಟರ್ ಮೇಲೇ ಹೋಗುತ್ತಿದ್ದರು. ಅಂಥವರ ಕೈಗೆಟಕುವ ಕಾರು ಬೇಕಿತ್ತು. ಫಿಯಟ್‌ನ ಎಂಜಿನಿಯರ್ ದಾಂತೆ ಜಾಕೋಸಾ ಹಿಂಭಾಗದಲ್ಲಿ ಎರಡು ಸಿಲಿಂಡರ್‌ನ, ಗಾಳಿಯಲ್ಲೇ ತಂಪಾಗುವ 479 ಸಿಸಿ ಎಂಜಿನ್ ಇಟ್ಟರು. ಶಕ್ತಿ ಬರೀ 13 ಎಚ್‌ಪಿ. ಮೇಲೆ ಮಡಚುವ ಬಟ್ಟೆಯ ಚಾವಣಿ. ಕೀಲಿ ತಿರುಗಿಸಿದರೆ ಇದು ಸ್ಟಾರ್ಟ್ ಆಗುವುದಿಲ್ಲ. ಸೀಟುಗಳ ನಡುವೆ ಎರಡು ಪುಟ್ಟ ಲಿವರ್‌ಗಳಿವೆ, ಒಂದು ಚೋಕ್ (ತಣ್ಣಗಿರುವ ಎಂಜಿನ್ ಹೊತ್ತಿಕೊಳ್ಳಲು), ಇನ್ನೊಂದು ಸ್ಟಾರ್ಟರ್. ಸ್ಟಾರ್ಟರ್ ಎಳೆದರೆ ಬೆನ್ನ ಹಿಂದೆ ಟಪಟಪ ಶುರು. ಗೇರ್ ಬದಲಿಸಲು ಹಳೇ ಲಾರಿ ಡ್ರೈವರ್‌ಗಳ ಹಾಗೆ ಡಬಲ್ ಕ್ಲಚ್ ಹೊಡೆಯಬೇಕು, ಅಂದರೆ ಒಂದು ಗೇರ್‌ಗೆ ಎರಡು ಸಲ ಕ್ಲಚ್ ಒತ್ತಬೇಕು. ಅವಸರ ಮಾಡಿದರೆ ಗರಗರ ಅನ್ನುತ್ತದೆ.

ಮಿನಿಗೆ ಕಾರಣವೇ ಬೇರೆ. 1956ರ ಸೂಯೆಜ್ ಕಾಲುವೆ ಗಲಾಟೆಯಲ್ಲಿ ತೈಲ ಬರುವ ದಾರಿ ಮುಚ್ಚಿ ಬ್ರಿಟನ್‌ನಲ್ಲಿ ಪೆಟ್ರೋಲ್‌ಗೆ ರೇಷನ್ ಬಂತು. ಕಮ್ಮಿ ಪೆಟ್ರೋಲ್ ಕುಡಿಯುವ, ಆದರೆ ನಾಲ್ಕು ಜನ ಸರಿಯಾಗಿ ಕೂರುವ ಕಾರು ಬೇಕಾಯಿತು. ಬಿಎಂಸಿಯ ಎಂಜಿನಿಯರ್ ಅಲೆಕ್ ಇಸಿಗೊನಿಸ್ ಜಾಗ ಉಳಿಸಲು 848 ಸಿಸಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೇ ಸೇರಿಸಿದರು. ಎರಡಕ್ಕೂ ಒಂದೇ ಆಯಿಲ್. ಚಕ್ರ 10 ಇಂಚಿನವು, ಸ್ಪ್ರಿಂಗ್ ಬದಲು ರಬ್ಬರ್. 1959ರಲ್ಲಿ ಕಾರು ಹೊರಬಂತು. ಇಲ್ಲಿನ ಲಾಂಗ್‌ಬ್ರಿಜ್ ಕಾರ್ಖಾನೆಯಲ್ಲಿ 2000ದವರೆಗೂ ತಯಾರಾಯಿತು.

ಉದ್ದದಲ್ಲಿ ಮಿನಿ ಸುಮಾರು 8 ಸೆಂಟಿಮೀಟರ್ ಮಾತ್ರ ಜಾಸ್ತಿ. ಆದರೆ ಒಳಗೆ ಕೂತರೆ ಆಶ್ಚರ್ಯವಾಗುತ್ತದೆ. ಹಿಂದಿನ ಸೀಟಿನಲ್ಲಿ ದೊಡ್ಡವರಿಬ್ಬರು ನೆಮ್ಮದಿಯಾಗಿ ಕೂರಬಹುದು. 500ರಲ್ಲಿ ಆ ಜಾಗ ಮಕ್ಕಳಿಗೇ ಸರಿ. ತಿರುವಿನಲ್ಲಿ ಮಿನಿ ಸ್ಟೀರಿಂಗ್ ಅಲ್ಲಾಡಿಸಿದ ಕಡೆಗೆ ತಕ್ಷಣ ತಿರುಗುತ್ತದೆ. 1964ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು ಸುಮ್ನೆ ಅಲ್ಲ. ಆದರೂ ಗುಂಡಿ ಬಿದ್ದ ರಸ್ತೆಯಲ್ಲಿ ಸೊಂಟ ನೋಯುತ್ತದೆ, ಮಳೆಯಲ್ಲಿ ಮುಂದೇ ಇರುವ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ನೆನೆದು ಎಂಜಿನ್ ನಿಲ್ಲುವುದೂ ಉಂಟು.

ಯಾವುದು ಮೇಲು ಅಂದರೆ, ನನ್ನ ಮಟ್ಟಿಗೆ ಮಿನಿಯೇ. ಊರೊಳಗೆ ಚಾವಣಿ ಮಡಚಿ ನಿಧಾನಕ್ಕೆ ಹೋಗುವ ಸುಖ ಮಾತ್ರ 500ರದ್ದೇ.

ಜಾಕೋಸಾಗೆ ಸಲ್ಲಬೇಕಾದ ಇನ್ನೊಂದು ಮಾತಿದೆ. ಮಿನಿಯ ಅಡ್ಡ ಎಂಜಿನ್ ಅವರಿಗೂ ಹಿಡಿಸಿತ್ತು, ಗೇರ್‌ಬಾಕ್ಸ್ ಜಾಗ ಹಿಡಿಸಲಿಲ್ಲ. 1964ರ ಆಟೊಬಿಯಾಂಕಿ ಪ್ರಿಮುಲಾ ಎಂಬ ಇಟಲಿಯ ಕಾರಿನಲ್ಲಿ ಅದನ್ನು ಎಂಜಿನ್ನಿನ ತುದಿಗೆ ಜೋಡಿಸಿದರು. ಚಕ್ರಗಳಿಗೆ ಹೋಗುವ ಶಾಫ್ಟ್ ಒಂದು ಉದ್ದ, ಒಂದು ಗಿಡ್ಡ ಆಯಿತು. ಆಯಿಲ್ ಬೇರೆಬೇರೆಯಾಯಿತು. ನಮ್ಮ ಮಾರುತಿ 800ರ ಬಾನೆಟ್ ಎತ್ತಿ ನೋಡಿ. ಎಂಜಿನ್ ಅಡ್ಡಲಾಗಿದೆ, ಗೇರ್‌ಬಾಕ್ಸ್ ಅದರ ತುದಿಯಲ್ಲಿದೆ.