ಸಿಕ್ಕಿದ್ದೋ, ಕದ್ದದ್ದೋ

ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಕಳೆದ ವಾರ ಶಾಲೆಯಿಂದ ಎರಡು ಛಾಯಾಚಿತ್ರಗಳ ಪ್ರತಿ ತಂದು ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಎರಡರಲ್ಲಿಯೂ ಎದೆಮಟ್ಟದ ನೀರು, ಎರಡರಲ್ಲಿಯೂ ಕಿರಾಣಿ ಅಂಗಡಿಯ ಸಾಮಾನು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿ, ಒಡ್ಡುಗಳು ಒಡೆದು, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಶೇ. 80ರಷ್ಟು ಭಾಗ ಮುಳುಗಿದಾಗ ಸುದ್ದಿಸಂಸ್ಥೆಗಳು ಕಳುಹಿಸಿದ್ದ ಚಿತ್ರಗಳು ಅವು. ಕಪ್ಪು ಯುವಕನ ಚಿತ್ರಕ್ಕೆ ಅಸೋಸಿಯೇಟೆಡ್ ಪ್ರೆಸ್ ಕೊಟ್ಟ ಅಡಿಬರಹದ ಪ್ರಕಾರ ಆತ ಅಂಗಡಿ ‘ಲೂಟಿ ಮಾಡಿ’ ಬರುತ್ತಿದ್ದ. ಬಿಳಿಯ ಗಂಡು-ಹೆಣ್ಣಿನ ಚಿತ್ರಕ್ಕೆ ಎಎಫ್‌ಪಿ ಕೊಟ್ಟ ಅಡಿಬರಹದ ಪ್ರಕಾರ ಅವರಿಗೆ ಅಂಗಡಿಯ ಬ್ರೆಡ್ಡು, ಸೋಡಾ ‘ಸಿಕ್ಕಿದ್ದವು’.

ಇಂಥ ಅವಕಾಶ ಸಿಕ್ಕರೆ ನಾನು ಬಿಡುವವನಲ್ಲ. ಈ ದೇಶದಲ್ಲಿ ತಪ್ಪಿಗೆ ಹೆಸರಿಡುವ ಮೊದಲು ಮುಖ ನೋಡುತ್ತಾರೆ ಎಂದು ಶುರುಮಾಡಿ, 1986ರ ಕಾನೂನಿನವರೆಗೆ ಹೋದೆ. ಒಂದೇ ಮಾದಕವಸ್ತುವಾದರೂ, ಕಪ್ಪು ಜನರ ಕೇರಿಗಳಲ್ಲಿ ಹೆಚ್ಚಾಗಿ ಮಾರಾಟವಾಗುತ್ತಿದ್ದ ಕ್ರ್ಯಾಕ್ (ಹರಳಿನ ರೂಪದ ಕೊಕೇನ್) 5 ಗ್ರಾಂ ಇದ್ದರೆ ಸಿಗುತ್ತಿದ್ದ ಐದು ವರ್ಷಗಳ ಕಡ್ಡಾಯ ಸೆರೆವಾಸ, ಪುಡಿಯ ರೂಪದ ಕೊಕೇನಿಗೆ ಸಿಗಬೇಕಾದರೆ 500 ಗ್ರಾಂ ಬೇಕಿತ್ತು. ಆ ನೂರಕ್ಕೆ ಒಂದರ ಲೆಕ್ಕವನ್ನು 2010ರಲ್ಲಿ ತಿದ್ದಿದರೂ ಹದಿನೆಂಟಕ್ಕೆ ಒಂದಕ್ಕೆ ಇಳಿಸಿದರೇ ಹೊರತು ಸಮ ಮಾಡಲಿಲ್ಲ. ಮುಂದೆ ನೋವು ನಿವಾರಕ ಮಾತ್ರೆಗಳ ಚಟ ಬಿಳಿಯರ ಊರುಗಳನ್ನು ಹಿಡಿದಾಗ, ಅದೇ ಪತ್ರಿಕೆ, ಅದೇ ಟಿ.ವಿ.ಗಳಲ್ಲಿ ಚಟ ಎನ್ನುವುದು ಅಪರಾಧಕ್ಕಿಂತ ಹೆಚ್ಚಾಗಿ ಕಾಯಿಲೆಯಾಯಿತು. ರಾಜಕೀಯವನ್ನೂ ಬಿಡಲಿಲ್ಲ. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಒಂದು ಸ್ಥಾನ ತೆರವಾದಾಗ ಚುನಾವಣೆಯ ವರ್ಷವೆಂದು, ಅಧ್ಯಕ್ಷ ಒಬಾಮ ಆ ನ್ಯಾಯಮೂರ್ತಿ ಸ್ಥಾನಕ್ಕೆ ಸೂಚಿಸಿದವರ ಅರ್ಹತೆಯ ವಿಚಾರಣೆಯನ್ನೇ ನಡೆಸದ, ರಿಪಬ್ಲಿಕನ್ ಪಕ್ಷದ ಬಹುಮತವಿದ್ದ ಸೆನೆಟ್ (ಸಂಸತ್ತಿನ ಮೇಲ್ಮನೆ), 2020ರಲ್ಲಿ ಚುನಾವಣೆಗೆ ಎಂಟು ದಿನವಿರುವಾಗ ಟ್ರಂಪ್ ಸೂಚಿಸಿದವರನ್ನು ಅನುಮೋದಿಸಿತು. (ಡೆಮಾಕ್ರಟಿಕ್ ಪಕ್ಷದವರೂ ಆ ನಾಲ್ಕು ವರ್ಷಗಳಲ್ಲಿ ತಮ್ಮ ವಾದವನ್ನು ಅಷ್ಟೇ ಸಲೀಸಾಗಿ ತಿರುಗಿಸಿದ್ದರೆಂಬುದನ್ನು ಮಗಳಿಗೆ ಹೇಳಲಿಲ್ಲ, ಹೇಳಬೇಕಿತ್ತು.)

ಅವಳು ಎಲ್ಲವನ್ನೂ ಕೇಳಿಸಿಕೊಂಡು, ಟೀಚರ್ ಹೇಳಿದ್ದೆಂದು ಒಂದು ತಕರಾರು ತೆಗೆದಳು. ಆ ಎರಡು ಅಡಿಬರಹಗಳನ್ನು ಬರೆದವರು ಬೇರೆ ಬೇರೆ ಸಂಸ್ಥೆಯವರು; ಯುವಕ ಅಂಗಡಿಯೊಳಗೆ ಹೋಗಿ ಸಾಮಾನು ತಂದದ್ದನ್ನು ಛಾಯಾಗ್ರಾಹಕ ಕಂಡಿದ್ದನೆಂದು ಒಂದು ಸಂಸ್ಥೆ ಹೇಳಿತ್ತು, ಇನ್ನೊಬ್ಬ ಛಾಯಾಗ್ರಾಹಕ ಸಾಮಾನು ನೀರಿನಲ್ಲಿ ತೇಲಿಬರುತ್ತಿತ್ತು ಎಂದಿದ್ದ. ಇರಬಹುದು, ಇಬ್ಬರೂ ಸುಳ್ಳಾಡಿರಲಿಕ್ಕಿಲ್ಲ. ಆದರೆ ಪ್ರವಾಹದಲ್ಲಿ ಹಸಿದವನೊಬ್ಬನಿಗೆ ‘ಲೂಟಿ’ ಎಂಬ ಪದ ಅಷ್ಟು ಸುಲಭವಾಗಿ ಒದಗಿಬಂದದ್ದು ಹೇಗೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ ಎಂದೆ. ಅದಕ್ಕೆ ಅವಳು, "ಸರಿ ಅಪ್ಪಾ, ನಿಮ್ಮ ಊರಲ್ಲಿ ಯಾರು ಲೂಟಿ ಮಾಡ್ತಿದ್ದರು, ಯಾರಿಗೆ ಸಿಗ್ತಿತ್ತು?" ಎಂದು ಕೇಳಿ, ನೀರು ಕುಡಿಯಲು ಎದ್ದುಹೋದಳು.

ಮಗು ಕೊಂಕಿಗೆ ಕೇಳಿದ್ದಲ್ಲ. ನನಗೆ ಮಾತ್ರ ಊಟ ಸೇರಲಿಲ್ಲ.

ತಿಪಟೂರಿನ ಹತ್ತಿರ ನಮ್ಮ ಅಜ್ಜನ ತೆಂಗಿನ ತೋಟವಿತ್ತು. ಒಂದು ಬೇಸಿಗೆ ರಜೆಯಲ್ಲಿ, ತೋಟದ ಆಳಿನ ಮಗ, ನನ್ನದೇ ವಯಸ್ಸಿನವನು, ಉದುರಿಬಿದ್ದ ಮೂರು ಕಾಯಿಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೋಗುವಾಗ ಸಿಕ್ಕಿಬಿದ್ದ. ಅವನನ್ನು ಜಗಲಿಯ ಕಂಬಕ್ಕೆ ಕಟ್ಟಿದರು. ಅವನ ಅಪ್ಪ ಜಗಲಿಯ ಕೆಳಗೆ, ಬಿಸಿಲಿನಲ್ಲಿ, ಹೆಗಲ ಮೇಲಿನ ಟವೆಲ್ಲನ್ನು ಕಂಕುಳಿಗೆ ಇಳಿಸಿ ಕೈಮುಗಿದು ನಿಂತಿದ್ದ. ಗಂಟು ಹಾಕಿದ್ದ ಮೂರು ಕಾಯಿ ಮೆಟ್ಟಿಲ ಮೇಲೆ ಸಾಕ್ಷಿಗಿದ್ದವು. ಅದೇ ರಜೆಯಲ್ಲಿ ಅಣ್ಣನೂ ನಾನೂ ಕೊಟ್ಟಿಗೆಯ ರಾಶಿಯಿಂದ ಇಪ್ಪತ್ತು ಕಾಯಿ ಎತ್ತಿ, ಪೆಟ್ಟಿಗೆ ಅಂಗಡಿಯವನಿಗೆ ಮಾರಿ, ಟೆಂಟ್ ಸಿನಿಮಾ ನೋಡಿ ಬಂದಿದ್ದೆವು. ವಿಷಯ ತಿಳಿದಾಗ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಹುಡುಗರು ಈಗಲೇ ವ್ಯಾಪಾರ ಕಲಿತವೆ ಕಣೆ" ಎಂದು ಅಮ್ಮನಿಗೆ ಹೇಳಿದ್ದರು. ಅಂದು ಕಂಬದ ಬಳಿ ನಿಂತು ನೋಡುತ್ತಿದ್ದ ನನಗೂ ಇದರಲ್ಲಿ ಅನ್ಯಾಯವೇನಾದರೂ ಇದೆ ಎನ್ನಿಸಲಿಲ್ಲ; ಅವನು ಕಳ್ಳ, ನಾವು ಮನೆಯ ಮಕ್ಕಳು, ಅಷ್ಟೇ ಲೆಕ್ಕ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಆ ಹುಡುಗನ ಹೆಸರು ಹೇಳಿ, ಈಗ ಎಲ್ಲಿದ್ದಾನೆಂದು ಅಣ್ಣನನ್ನು ಕೇಳಿದೆ. ಅವನಿಗೆ ಥಟ್ಟನೆ ಹೊಳೆಯಲಿಲ್ಲ.

"ಯಾರು, ಆ ಕಾಯಿಕಳ್ಳನಾ? ಬೆಂಗಳೂರು ಸೇರಿ ಎಷ್ಟೋ ವರ್ಷ ಆಯ್ತಲ್ಲೋ. ಅವನ ವಿಷಯ ಈಗ ಯಾಕೆ?"

ನಾವು ಮಾರಿದ್ದ ಇಪ್ಪತ್ತು ಕಾಯಿ ನೆನಪಿದೆಯೇ ಎಂದೆ. ಅಣ್ಣ ಜೋರಾಗಿ ನಕ್ಕ.

"ಅಯ್ಯೋ, ಅದು ಹುಡುಗಾಟ ಬಿಡೋ."