ಅಪ್ಪನ ಬುಕಿಂಗ್ ಪುಸ್ತಕ, ನಾಲ್ಕು ಡಿಸ್ಕು

ಅರಕಲಗೂಡಿನಿಂದ ಬಂದಿದ್ದ ಆ ಅಕ್ಕ ನಮ್ಮ ಸ್ಟುಡಿಯೋದ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದರು. 2017ರಲ್ಲಿ ಅವರ ಮದುವೆಯ ವಿಡಿಯೋ ತೆಗೆದದ್ದು ಅಪ್ಪ. ಅಂದು ಆರತಿ ಎತ್ತುವಾಗ ಅವರ ತಾಯಿ ಸೋಬಾನೆ ಪದ ಹಾಡಿದ್ದರಂತೆ. ನಾವು ಕೊಟ್ಟ ಡಿವಿಡಿಯಲ್ಲಿ ಅದರ ನಾಲ್ಕು ಸಾಲು ಮಾತ್ರ ಇತ್ತು. ಉಳಿದದ್ದನ್ನು ಎಡಿಟಿಂಗ್‌ನಲ್ಲಿ ತೆಗೆದು ವಾದ್ಯ ಹಾಕಿದ್ದೆವು. ತಾಯಿ ತೀರಿಕೊಂಡು ಮೂರು ತಿಂಗಳಾಗಿತ್ತು.

"ಪೂರ್ತಿ ಹಾಡು ಎಲ್ಲಾದ್ರೂ ಉಳ್ದಿರುತ್ತಾ ಸಾರ್?"

"ಉಳ್ದಿರುತ್ತಮ್ಮ. ನಾವು ಯಾವ್ದನ್ನೂ ಅಳಿಸಿಲ್ಲ" ಅಂದರು ಅಪ್ಪ.

ಅದು ನಿಜ. ಆದರೆ ಎಲ್ಲಿದೆ ಎಂದು ನಮಗೆ ಗೊತ್ತಿರಲಿಲ್ಲ.

ಹಾಸನದ ಬಿ.ಎಂ. ರಸ್ತೆಯ ಪಕ್ಕದ ಸಣ್ಣ ಸ್ಟುಡಿಯೋ ನಮ್ಮದು. ಒಮ್ಮೆ ಒಂದು ಹಾರ್ಡ್ ಡಿಸ್ಕ್ ಕೆಟ್ಟು ಆರು ಮದುವೆಗಳ ಮೂಲ ಫೂಟೇಜ್ ಹೋಯಿತು. ಅವತ್ತು ಅಪ್ಪ ಊಟ ಮಾಡಲಿಲ್ಲ. ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನಾನು ಮೈಕ್ರೋಸಾಫ್ಟ್ ಕಂಪನಿಯ ಅಝೂರ್ ಕ್ಲೌಡಿನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಫೈಲು ಇಡುವ ಬಾಡಿಗೆ ಜಾಗದಲ್ಲಿ, ಒಂದು ಖಾತೆ ಮಾಡಿಕೊಟ್ಟೆ. ಸ್ಟುಡಿಯೋದ ಹುಡುಗರು ದಿನಾ ರಾತ್ರಿ ಅಪ್‌ಲೋಡ್ ಹಾಕಿ ಮನೆಗೆ ಹೋಗುತ್ತಿದ್ದರು. ಬಾಡಿಗೆ ಕಡಿಮೆಯಾಗಲಿ ಎಂದು ಹಳೆಯದೆಲ್ಲ ತಾನಾಗಿಯೇ ಆರ್ಕೈವ್‌ಗೆ ಹೋಗುವ ಹಾಗೆ ನಿಯಮವನ್ನೂ ಬರೆದೆ. ಆರ್ಕೈವ್‌ನಲ್ಲಿ ಇಡುವ ಬಾಡಿಗೆ ತುಂಬಾ ಕಡಿಮೆ. ಆದರೆ ಅಲ್ಲಿರುವ ಫೈಲನ್ನು ತೆರೆದು ನೋಡಲು ಆಗುವುದಿಲ್ಲ. ಹೆಸರು, ಗಾತ್ರ, ತಾರೀಖು ಕಾಣುತ್ತವೆ, ಅಷ್ಟೇ. ಒಳಗೇನಿದೆ ಎಂದು ನೋಡಬೇಕಾದರೆ ಮೊದಲು ಅದನ್ನು ಎಬ್ಬಿಸಬೇಕು. ಅದಕ್ಕೆ 15 ಗಂಟೆಯವರೆಗೂ ಹಿಡಿಯಬಹುದು. ಇದನ್ನು ಅಪ್ಪನಿಗೆ ವಿವರಿಸಿದಾಗ ಅವರು ಹೇಳಿದ್ದು, "ಹಾಸನಾಂಬೆ ಗುಡಿ ಬಾಗಿಲಿದ್ದಂಗೆ ಅನ್ನು. ಒಳಗೆ ಅಮ್ಮ ಇದಾಳೆ ಅಂತ ಗೊತ್ತು, ಆದ್ರೆ ತೆಗೆಯೋ ದಿನಾನೇ ತೆಗೀಬೇಕು."

2017ರ ಮೇ ತಿಂಗಳಲ್ಲಿ 'ಗೌಡ್ರ ಮದುವೆ' ಎಂಬ ಹೆಸರಿನ ಫೋಲ್ಡರ್ ಒಂಬತ್ತು ಇದ್ದವು. ಹುಡುಗರು ಅವಸರದಲ್ಲಿ ಇಟ್ಟ ಹೆಸರುಗಳು. ಒಂದನ್ನು ಊಹೆ ಮಾಡಿ ಎಬ್ಬಿಸಿ, ಮಾರನೇ ದಿನ ಇಳಿಸಿ ನೋಡಿದರೆ ಅದು ಹೊಳೆನರಸೀಪುರದ ಬೇರೆ ಯಾರದೋ ಮದುವೆ. ಆ ಅಕ್ಕ ಬರಿಗೈಯಲ್ಲಿ ವಾಪಸ್ ಹೋಗಿದ್ದರು. ಅಪ್ಪ ಅವತ್ತೇ ಹೇಳಿದರು, "ನಾಳೆ ಇನ್ನೊಬ್ರು ಬಂದು ಇದೇ ಬೆಂಚಿನ ಮೇಲೆ ಕೂರ್ತಾರೆ ಪುಟ್ಟಿ. ಎಲ್ಲಾನೂ ಒಂದ್ಸಲ ಮನೆಗೆ ತಂದುಬಿಡು. ಅಲ್ಲೂ ಇರ್ಲಿ, ಇಲ್ಲೂ ಇರ್ಲಿ."

ಆಷಾಢ ಹತ್ತಿರ ಬಂದಿತ್ತು. ಮದುವೆಗಳಿಲ್ಲ, ಕ್ಯಾಮೆರಾಗಳಿಗೆ ಬಿಡುವು. ಇಂಥ ಕೆಲಸಕ್ಕೆ ಅದೇ ಸರಿಯಾದ ಕಾಲ.

ಒಟ್ಟು 11 ಟಿಬಿ (ಟೆರಾಬೈಟ್) ಇತ್ತು. ನಮ್ಮ ಲೈನಿನಲ್ಲಿ ನಿಜವಾಗಿ ಸಿಗುವ ವೇಗ 40 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 40 ಮೆಗಾಬಿಟ್. ಲೆಕ್ಕ ಹಾಕಿದೆ. ಒಂದು ಕ್ಷಣವೂ ನಿಲ್ಲದೆ ಇಳಿದರೆ 28 ದಿನ. ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಹಾಗಾಗಿ ಡಿಸ್ಕಿನಲ್ಲೇ ತರಿಸುವುದು ಎಂದಾಯಿತು. ಖಾಲಿ ಡಿಸ್ಕುಗಳನ್ನು ಡೇಟಾ ಸೆಂಟರಿಗೆ ಕೊರಿಯರ್ ಮಾಡಿದರೆ ಅವರು ತುಂಬಿಸಿ ವಾಪಸ್ ಕಳಿಸುತ್ತಾರೆ. ಡಿಸ್ಕಿಗೆ ಇಷ್ಟು ಎಂದು ಶುಲ್ಕ ಇರುತ್ತದೆ. ದೊಡ್ಡ ಪ್ರಮಾಣದ ಡೇಟಾಗೆ ಕಂಪನಿಗಳೇ ತಮ್ಮ ಪೆಟ್ಟಿಗೆ ಕಳಿಸುವುದೂ ಉಂಟು. 2016ರಲ್ಲಿ ಅಮೆಜಾನ್ 100 ಪೆಟಾಬೈಟ್ (ಒಂದು ಲಕ್ಷ ಟಿಬಿ) ಹೊರುವ ಲಾರಿಯನ್ನೇ ತೋರಿಸಿತ್ತು, 45 ಅಡಿಯ ಕಂಟೇನರ್. ಅಪ್ಪನಿಗೆ ಇದು ಕೇಳಿ ಆಶ್ಚರ್ಯವೇನೂ ಆಗಲಿಲ್ಲ. ಮಂಗಳೂರಿಗೆ ಹೋಗುವ ಲಾರಿಗಳನ್ನು ದಿನಾ ನೋಡುವವರು. "ಜಾಸ್ತಿ ಸಾಮಾನಿದ್ರೆ ಲಾರೀನೇ ಅಲ್ವಾ?" ಅಂದರು.

ಡಿಸ್ಕ್ ಕೊಳ್ಳುವಾಗಲೇ ಎರಡು ವಿಷಯ ತಿಳಿದಿರಬೇಕು. ಒಂದು, ಯುಎಸ್‌ಬಿ ಕೇಬಲ್ ಹಾಕಿ ಬಳಸುವ ಎಕ್ಸ್‌ಟರ್ನಲ್ ಡಿಸ್ಕ್ ನಡೆಯುವುದಿಲ್ಲ. ಅದರ ಕವಚ ಬಿಚ್ಚಿ ಒಳಗಿನದನ್ನು ಕಳಿಸುವುದೂ ನಡೆಯುವುದಿಲ್ಲ. ಕಂಪ್ಯೂಟರಿನ ಒಳಗೆ ಕೂರುವ ಸಾಟಾ ಡಿಸ್ಕೇ ಬೇಕು. ಇನ್ನೊಂದು, 4 ಟಿಬಿ ಎಂದು ಬರೆದ ಡಿಸ್ಕ್ ಕಂಪ್ಯೂಟರಿನಲ್ಲಿ 3.63 ಎಂದು ಕಾಣುತ್ತದೆ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ. ನಮ್ಮ 11 ಟಿಬಿ ಕಂಪ್ಯೂಟರಿನ ಲೆಕ್ಕದ್ದು. ಮೂರು ಡಿಸ್ಕ್ ಸೇರಿಸಿದರೆ 10.9 ಮಾತ್ರ. ಇಷ್ಟೇ ಇಷ್ಟರಲ್ಲಿ ಕೊರತೆ. ನಾಲ್ಕು ತಂದೆವು.

ಆಮೇಲಿನದು ಪಟ್ಟಿ. ನಿಜವಾದ ಕೆಲಸ ಇದೇ. ಏನೇನು ಬೇಕು ಎಂದು ನಾವು ಬರೆದು ಕೊಡಬೇಕು. ಬರೆದದ್ದು ಬರುತ್ತದೆ, ಬರೆಯದ್ದು ಬರುವುದಿಲ್ಲ. ಎಲ್ಲವನ್ನೂ ಕಳಿಸಿ ಎಂದೂ ಹೇಳಬಹುದಿತ್ತು. ಆದರೆ ಅದೇ ಗೋಜಲು ಡಿಸ್ಕಿಗೆ ಬಂದರೆ ಏನು ಪ್ರಯೋಜನ? ಹುಡುಗರು ಎರಡೆರಡು ಸಲ ಹಾಕಿದ್ದ ನಕಲುಗಳೂ ಬೇಕಾದಷ್ಟಿದ್ದವು. ಮದುವೆ ಮದುವೆಯಾಗಿ ಬರೆಯೋಣ ಎಂದುಕೊಂಡೆ.

ಆ ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಅಪ್ಪ ಬುಕಿಂಗ್ ಪುಸ್ತಕ ತಂದರು. ಕೆಂಪು ರಟ್ಟಿನ ಉದ್ದ ಪುಸ್ತಕ. ತಾರೀಖು, ಹುಡುಗಿ ಮನೆ, ಹುಡುಗನ ಮನೆ, ಛತ್ರ, ಮುಂಗಡ, ಬಾಕಿ. ಅವರು ಓದುತ್ತಾ ಹೋದರು, ನಾನು ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ಹುಡುಕುತ್ತಾ ಹೋದೆ. ಹೊರಗೆ ಜಡಿಮಳೆ.

ಮೊದಲು ಸುಲಭದ ದಾರಿ ಹಿಡಿದೆ. ಇಂಥ ಅಕ್ಷರದಿಂದ ಶುರುವಾಗುವುದೆಲ್ಲ ಬೇಕು ಎಂದು ಕೊಡಬಹುದು, ಅದಕ್ಕೆ ಪ್ರಿಫಿಕ್ಸ್ ಅನ್ನುತ್ತಾರೆ. 2019ರ ಜನವರಿಗೆ '2019-1' ಎಂದು ಕೊಟ್ಟೆ. ಪುಸ್ತಕದಲ್ಲಿ ಆ ತಿಂಗಳು ಎರಡೇ ಮದುವೆ. ಪಟ್ಟಿಯಲ್ಲಿ ಹದಿನಾರು! ಸ್ವಲ್ಪ ಹೊತ್ತು ತಲೆ ಓಡಲಿಲ್ಲ. ಆಮೇಲೆ ಹೊಳೆಯಿತು. ಅಕ್ಟೋಬರಿನ '2019-10', ನವೆಂಬರಿನ '2019-11', ಡಿಸೆಂಬರಿನ '2019-12' ಎಲ್ಲವೂ '2019-1' ಎಂದೇ ಶುರುವಾಗುತ್ತವೆ. ಕೊನೆಯಲ್ಲಿ ಒಂದು ಓರೆಗೆರೆ ಹಾಕಿದ ಮೇಲೆ ಸರಿಹೋಯಿತು.

ಮೇ ತಿಂಗಳಿಗೆ ಬಂದರೆ ತದ್ವಿರುದ್ಧ. ಪುಸ್ತಕದಲ್ಲಿ ಹನ್ನೊಂದು, ಪಟ್ಟಿಯಲ್ಲಿ ಏಳು. ಇಲ್ಲಿ ಪ್ರಿಫಿಕ್ಸಿಗೆ ಊರಿನ ಹೆಸರನ್ನೂ ಸೇರಿಸಿ ಕೊಟ್ಟಿದ್ದೆ, ತೊಂದರೆ ಇಂಗ್ಲಿಷ್ ಅಕ್ಷರಗಳದ್ದು. ಒಬ್ಬ ಹುಡುಗ ಸಕಲೇಶಪುರವನ್ನು ದೊಡ್ಡ ಎಸ್‌ನಿಂದ ಬರೆದಿದ್ದ, ಇನ್ನೊಬ್ಬ ಚಿಕ್ಕ ಎಸ್‌ನಿಂದ. ನಮ್ಮ ವಿಂಡೋಸ್ ಕಂಪ್ಯೂಟರಿಗೆ ಎರಡೂ ಒಂದೇ. ಕ್ಲೌಡಿಗೆ ಎರಡೂ ಬೇರೆ ಬೇರೆ. ದೊಡ್ಡದನ್ನು ಕೇಳಿದರೆ ದೊಡ್ಡದನ್ನಷ್ಟೇ ಕೊಡುತ್ತದೆ. ಅಪ್ಪ ಓದದೇ ಇದ್ದಿದ್ದರೆ ನಾಲ್ಕು ಮದುವೆ ಬಿಟ್ಟುಹೋಗಿದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಆಗಲೇ ಪ್ರಿಫಿಕ್ಸಿನ ಸಹವಾಸ ಬಿಟ್ಟು, ಒಂದೊಂದು ಫೈಲಿನ ಪೂರ್ತಿ ವಿಳಾಸ ಇರುವ ಪಟ್ಟಿಯನ್ನೇ, ಕಂಪ್ಯೂಟರ್ ಓದುವ ಎಕ್ಸ್ಎಂಎಲ್ ರೂಪದಲ್ಲಿ, ಮಾಡಿದೆ. ಉದ್ದವಾಯಿತು. ಆದರೆ ಎಣಿಸಬಹುದಾದ ಪಟ್ಟಿ ಅದು. ಈಗಲೂ ಯಾರಾದರೂ ಕೇಳಿದರೆ ಇದನ್ನೇ ಮಾಡಿ ಅನ್ನುತ್ತೇನೆ.

ಮಧ್ಯಾಹ್ನದ ಹೊತ್ತಿಗೆ 2017ರ ಮೇ ಬಂತು. ಒಂಬತ್ತು ಗೌಡ್ರ ಮದುವೆ. ಅಪ್ಪ ಪುಸ್ತಕದ ಮೇಲೆ ಬೆರಳಿಟ್ಟು ಸುಮ್ನೆ ಕೂತರು. ಆಮೇಲೆ ಕೇಳಿದರು, "ಫೈಲಿನ ಹೆಸರು ಹೆಂಗಿವೆ, ಓದು." ನಮ್ಮಲ್ಲಿ ಆಗ ಎರಡು ಕ್ಯಾಮೆರಾ. ಸೋನಿಯ ಫೈಲುಗಳು 'ಸಿ' ಅಕ್ಷರದಿಂದ ಶುರುವಾಗುತ್ತವೆ, ಕ್ಯಾನನ್‌ನವು 'ಎಂವಿಐ' ಎಂದು. ಎಂಟು ಫೋಲ್ಡರುಗಳಲ್ಲಿ ಎರಡೂ ಬೆರೆತಿದ್ದವು. ಒಂದರಲ್ಲಿ ಬರೀ 'ಎಂವಿಐ'.

"ಅದೇ. ಅವತ್ತು ಸೋನಿ ಕ್ಯಾಮೆರಾನ ಹುಡ್ಗ ಚನ್ನರಾಯಪಟ್ಟಣದ ಮದ್ವೆಗೆ ತಗೊಂಡೋಗಿದ್ದ. ಅರಕಲಗೂಡಿಗೆ ನಾನೊಬ್ನೇ ಹೋಗಿದ್ದೆ, ಕ್ಯಾನನ್ ಇಟ್ಕೊಂಡು."

ಎಂಟು ವರ್ಷದ ಹಿಂದಿನ ಒಂದು ದಿನ ಯಾವ ಕ್ಯಾಮೆರಾ ಕೈಯಲ್ಲಿತ್ತು ಎಂಬುದು ಅವರಿಗೆ ನೆನಪಿತ್ತು. ಆ ಫೋಲ್ಡರನ್ನು ಅಲ್ಲೇ ಎಬ್ಬಿಸಲು ಹಾಕಿದೆ. ಮಾರನೇ ದಿನ ಇಳಿಯಿತು. ಆರತಿಯ ಭಾಗ ಸಿಕ್ಕಿತು. ಆ ತಾಯಿ ಕ್ಯಾಮೆರಾ ಕಡೆ ನೋಡದೆ, ಮಗಳ ಮುಖವನ್ನೇ ನೋಡುತ್ತಾ, ಆರು ನಿಮಿಷ ಹಾಡಿದ್ದಾರೆ. ನಾನೂ ಅಪ್ಪನೂ ಎರಡು ಸಲ ಕೇಳಿದೆವು. ಬುಧವಾರ ಅಕ್ಕ ಬಂದರು. ಹೆಡ್‌ಫೋನ್ ಕೊಟ್ಟು ನಾವು ಹೊರಗೆ ಹೋಗಿ ನಿಂತೆವು.

ಉಳಿದ ಆರ್ಕೈವ್ ಫೈಲುಗಳನ್ನೂ ಎಬ್ಬಿಸಬೇಕಿತ್ತು, ಏಕೆಂದರೆ ಮಲಗಿರುವ ಫೈಲು ಡಿಸ್ಕಿಗೆ ಹೋಗುವುದಿಲ್ಲ. ಇದಕ್ಕೆ ದುಡ್ಡು ಜಾಸ್ತಿ ಆಯಿತು. ಆದರೂ ಅಪ್ಪ ಒಂದು ಮಾತೂ ಆಡಲಿಲ್ಲ. ಎಲ್ಲ ಎದ್ದ ಮೇಲೆ ಅಝೂರ್‌ನ ವೆಬ್‌ಸೈಟಿನಲ್ಲಿ, ಅಂದರೆ ಪೋರ್ಟಲ್‌ನಲ್ಲಿ, ಜಾಬ್ (ಡಿಸ್ಕು ತುಂಬಿಸಿಕೊಡುವ ಕೋರಿಕೆ) ಮಾಡಿ, ಪಟ್ಟಿ ಸೇರಿಸಿ, ಲಾಗ್ ಉಳಿಸಿ ಎನ್ನುವಲ್ಲಿ ಗುರುತು ಹಾಕಿದೆ. ಈ ಲಾಗ್ ಮರೆಯಬಾರದು. ಯಾವ ಫೈಲು ಬಂತು, ಯಾವುದು ಬರಲಿಲ್ಲ ಎಂದು ಅದು ಹೇಳುತ್ತದೆ. ಡಿಸ್ಕುಗಳನ್ನು ದಪ್ಪ ಸ್ಪಂಜಿನಲ್ಲಿ ಸುತ್ತಿ ಕೊರಿಯರ್‌ಗೆ ಕೊಟ್ಟು, ಟ್ರ್ಯಾಕಿಂಗ್ ನಂಬರನ್ನು ಅವತ್ತೇ ಹಾಕಿದೆ. ಎರಡು ವಾರದೊಳಗೆ ಹಾಕದಿದ್ದರೆ ಜಾಬ್ ರದ್ದಾಗುತ್ತದೆ.

ಡಿಸ್ಕು ವಾಪಸ್ ಬಂದಾಗ ಶ್ರಾವಣ ಶುರುವಾಗಿತ್ತು. ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಡಾಕ್‌ನಲ್ಲಿ ಮೊದಲನೆಯದನ್ನು ಕೂರಿಸಿದರೆ ಬೀಗ ಹಾಕಿದ ಗುರುತು ಕಂಡಿತು. ಬಿಟ್‌ಲಾಕರ್ ಬೀಗ. ದಾರಿಯಲ್ಲಿ ಡಿಸ್ಕು ಯಾರ ಕೈಗೆ ಸಿಕ್ಕರೂ ಯಾರ ಮನೆಯ ಮದುವೆಯೂ ಅವರಿಗೆ ಕಾಣಬಾರದು ಎಂದೇ ಇದು. ಕೀ ಪೋರ್ಟಲ್‌ನಲ್ಲಿರುತ್ತದೆ. 48 ಅಂಕಿ, ಆರಾರರಂತೆ ಎಂಟು ಗುಂಪು. ಅಪ್ಪ ಕನ್ನಡಕ ಹಾಕಿಕೊಂಡು ನನ್ನ ಫೋನಿನಿಂದ ಒಂದೊಂದೇ ಗುಂಪು ಓದಿದರು, ನಾನು ಒತ್ತಿದೆ. ಡಿಸ್ಕು ತೆರೆಯಿತು.

ತಪ್ಪುಗಳ ಲಾಗ್ ಖಾಲಿ ಇತ್ತು. ಅಷ್ಟಕ್ಕೇ ನಾನು ನಂಬಲಿಲ್ಲ. ಕ್ಲೌಡಿನ ಪಟ್ಟಿ, ಡಿಸ್ಕಿನ ಪಟ್ಟಿ ಎರಡನ್ನೂ ತೆಗೆದು ಹೆಸರಿಗೆ ಹೆಸರು, ಗಾತ್ರಕ್ಕೆ ಗಾತ್ರ ಹೋಲಿಸಿದೆ. ವರ್ಷಕ್ಕೆ ಎರಡರಂತೆ ಫೈಲು ಆರಿಸಿ ಪೂರ್ತಿ ಓಡಿಸಿ ನೋಡಿದೆ. ಅದಕ್ಕೆ ನಾಲ್ಕು ಸಂಜೆ ಹಿಡಿಯಿತು. ಇನ್ನೊಂದು ಜೊತೆ ಡಿಸ್ಕಿಗೆ ನಕಲು ಮಾಡಿ ಅರಸೀಕೆರೆಯ ಅತ್ತೆಯ ಮನೆಯ ಬೀರುವಿನಲ್ಲಿಟ್ಟು ಬಂದೆವು. ಕ್ಲೌಡಿನದನ್ನು ಮತ್ತೆ ಆರ್ಕೈವ್‌ಗೆ ಕಳಿಸಿದೆವು. ಅಳಿಸಲಿಲ್ಲ.

ಅಪ್ಪ ಈಗ ಬುಕಿಂಗ್ ಪುಸ್ತಕದಲ್ಲಿ ಬಾಕಿ ಕಾಲಮ್ಮಿನ ಪಕ್ಕ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದಿದ್ದಾರೆ. ಮೇಲೆ 'ಡಿಸ್ಕ್ ನಂ.' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ನಿನ್ನೆ ರಾತ್ರಿ ಊಟವಾದ ಮೇಲೆ 2018ರವರೆಗೆ ತುಂಬಿಸಿದರು.