ಡಿಸ್‌ಪ್ಲೇಗಂತಲೇ ಒಂದು ಪುಟ್ಟ ಪ್ರೊಸೆಸರ್

11 ಫೆಬ್ರವರಿ 2025, ಮಂಗಳವಾರ

ಇವತ್ತು ಪೂರ್ತಿ ಲಿನಕ್ಸ್‌ನ ಎಎಂಡಿಜಿಪಿಯು ಡ್ರೈವರ್ (ಎಎಂಡಿ ಗ್ರಾಫಿಕ್ಸ್ ಚಿಪ್ ನಡೆಸುವ ತಂತ್ರಾಂಶ) ಕೋಡ್ ಓದುತ್ತಾ ಕೂತಿದ್ದೆ. ಅದರಲ್ಲೂ ಡಿಎಂಯುಬಿ ಭಾಗ. ಎಎಂಡಿ ಚಿಪ್‌ಗಳಲ್ಲಿ ಡಿಸ್‌ಪ್ಲೇ ಕೆಲಸಕ್ಕೆ ಅಂತಲೇ ಇರುವ ಮೈಕ್ರೋಕಂಟ್ರೋಲರ್ ಇದು.

ಕೇಬಲ್ ಚುಚ್ಚಿದ ಕೂಡಲೇ ಚಿತ್ರ ಬರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅದಕ್ಕೂ ಮೊದಲು ಬೇಕಾದಷ್ಟು ಮಾತುಕತೆ ನಡೆದಿರುತ್ತದೆ. ಮಾನಿಟರ್ ಜೋಡಿಸುವ ಡಿಸ್‌ಪ್ಲೇಪೋರ್ಟ್‌ನಲ್ಲಿ ಅದಕ್ಕೆ ಅಂತಲೇ ಆಕ್ಸ್ ಚಾನೆಲ್ ಎಂಬ ಪಕ್ಕದ ದಾರಿ ಇದೆ. ವೇಗ ಸೆಕೆಂಡಿಗೆ 1 ಮೆಗಾಬಿಟ್, ಒಂದು ಸಲಕ್ಕೆ ಹೆಚ್ಚೆಂದರೆ 16 ಬೈಟ್. ಅಂದರೆ 128 ಬೈಟ್‌ನ ಒಂದು ಇಡಿಐಡಿ (ಮಾನಿಟರ್ ತನ್ನ ಬಗ್ಗೆ ಕೊಡುವ ವಿವರ) ಬ್ಲಾಕ್ ಓದಲು ಕನಿಷ್ಠ 8 ಸಲ ಕೇಳಬೇಕು. ಮಾನಿಟರ್ 'ಆಮೇಲೆ ಕೇಳು' ಅಂದರೆ ಮತ್ತೆ ಕೇಳಬೇಕು. ಮಾನಿಟರ್ ಜೋಡಿಸಿದೆಯಾ ಅಂತ ತಿಳಿಸುವ ಹಾಟ್‌ಪ್ಲಗ್ ತಂತಿಯ ಕಥೆ ಇನ್ನೂ ಸೂಕ್ಷ್ಮ. ಅದರ ಸಿಗ್ನಲ್ 0.5ರಿಂದ 1 ಮಿಲಿಸೆಕೆಂಡ್ ಮಾತ್ರ ಕೆಳಗಿಳಿದರೆ ಮಾನಿಟರ್ ಏನೋ ಹೇಳಬೇಕು ಅಂತಿದೆ ಎಂದರ್ಥ. 2 ಮಿಲಿಸೆಕೆಂಡ್ ದಾಟಿದರೆ ಕೇಬಲ್ ಕಿತ್ತ ಹಾಗೆ.

ಇಷ್ಟನ್ನು ಸಿಪಿಯು ತಾನೇ ಮಾಡಬಹುದು. ಬಹಳ ಕಾಲ ಮಾಡಿದ್ದೂ ಅದೇ. ಹಾಗಾದರೆ ಇನ್ನೊಂದು ಪ್ರೊಸೆಸರ್ ಯಾಕೆ? ನನಗೆ ಒಪ್ಪಿಗೆಯಾದ ಉತ್ತರ ಪಿಎಸ್‌ಆರ್, ಅಂದರೆ ಪ್ಯಾನೆಲ್ ಸೆಲ್ಫ್ ರಿಫ್ರೆಶ್. ಪರದೆ ಬದಲಾಗದೇ ಇದ್ದಾಗ ಪ್ಯಾನೆಲ್ ತನ್ನದೇ ಮೆಮೊರಿಯಿಂದ ಚಿತ್ರ ತೋರಿಸಿಕೊಳ್ಳುತ್ತದೆ, ಲಿಂಕ್ ಮಲಗಬಹುದು. ಇದನ್ನು ನೋಡಿಕೊಳ್ಳಲು ಸಿಪಿಯುವನ್ನೇ ಪದೇಪದೇ ಎಬ್ಬಿಸಿದರೆ ಬ್ಯಾಟರಿ ಉಳಿಸಿದ್ದೇನು ಬಂತು? ಯುಎಸ್‌ಬಿ4 ಒಳಗಿಂದ ಡಿಸ್‌ಪ್ಲೇಪೋರ್ಟ್ ಹಾಯಿಸುವಾಗಲೂ ಆಕ್ಸ್ ವ್ಯವಹಾರ ಡಿಎಂಯುಬಿ ಒಳಗೆ ಓಡುವ ಫರ್ಮ್‌ವೇರ್ ಮೂಲಕವೇ.

ಡ್ರೈವರ್ ಜೊತೆಗಿನ ವ್ಯವಹಾರ ಸರಳ. ಮೆಮೊರಿಯಲ್ಲಿ ಒಂದು ರಿಂಗ್ ಬಫರ್, ಅಂದರೆ ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಸುತ್ತಿ ಬರುವ ಸಾಲು. ಡ್ರೈವರ್ 64 ಬೈಟ್‌ನ ಆದೇಶ ಬರೆದು, ಎಲ್ಲಿವರೆಗೆ ಬರೆದಿದೆ ಅಂತ ತೋರಿಸುವ ರೈಟ್ ಪಾಯಿಂಟರ್ ಮುಂದೆ ತಳ್ಳುತ್ತದೆ, ಆ ಕಡೆ ಡಿಎಂಯುಬಿ ಓದಿಕೊಳ್ಳುತ್ತದೆ. ಇದು ನನಗೆ ತುಂಬಾ ಇಷ್ಟವಾಯಿತು.

ಇಷ್ಟವಾಗದ್ದು ಒಂದೇ. ಫರ್ಮ್‌ವೇರ್ ಬರುವುದು ಬರೀ ಬೈನರಿಯಾಗಿ, ಓದಬಹುದಾದ ಮೂಲ ಕೋಡ್ ಇಲ್ಲದೆ. ಮೊದಲಾದರೆ ಆಕ್ಸ್ ಎಲ್ಲಿ ಕೈಕೊಟ್ಟಿತು ಅಂತ ಸಾಲು ಸಾಲಾಗಿ ಹುಡುಕಬಹುದಿತ್ತು. ಈಗ ಆದೇಶ ಹೋಗಿದ್ದು ಕಾಣುತ್ತದೆ, ಉತ್ತರ ಬರಲಿಲ್ಲ ಅನ್ನೋದು ಕಾಣುತ್ತದೆ, ನಡುವೆ ಆಗಿದ್ದು ಕಾಣುವುದಿಲ್ಲ. ಲಿನಕ್ಸ್ ಕರ್ನಲ್‌ನ ಒಳಗನ್ನು ಇಣುಕಲು ಇರುವ ಡಿಬಗ್‌ಎಫ್‌ಎಸ್‌ನಲ್ಲಿ ಫರ್ಮ್‌ವೇರ್ ಬರೆದಿಡುವ ಟ್ರೇಸ್ ಬಫರ್ ಇದೆ, ನಿಜ. ತೆಗೆದು ನೋಡಿದರೆ ಬರೀ ಸಂಖ್ಯೆಗಳು: ಒಂದು ಕೋಡ್, ಟಿಕ್ ಲೆಕ್ಕ, ಎರಡು ಪ್ಯಾರಾಮೀಟರ್. ಅರ್ಥ ಗೊತ್ತಿರುವುದು ಅದನ್ನು ಬರೆದವರಿಗೆ ಮಾತ್ರ. ನಾಳೆ ಕೇಬಲ್ ಹಾಕಿ ತೆಗೆದು, ಯಾವ ಕೋಡ್ ಯಾವಾಗ ಬರುತ್ತದೆ ಅಂತ ಸುಮ್ನೆ ಬರೆದಿಟ್ಟುಕೊಳ್ಳುತ್ತೇನೆ.